ದೊಡ್ಡತಾತನನ್ನು ಕೇಳಿಕೊಂಡು ಸಿಲೋನಿಗೆ

ಮುಳ್ಳೂರು

ಮೇ 10, ಶನಿವಾರ, ಬೆಳಿಗ್ಗೆ 5 ಗಂಟೆ 20 ನಿಮಿಷ. ನಮ್ಮ ಮನೆಯ ಜಗಲಿ. ಬೆಂಗಳೂರಿಗೆ ಹೋಗುವ ಕಾರು ಬಂದು ನಿಂತಿದೆ. ಹೊರಟವರು ನಾಲ್ವರು, ಚೀಲ ಏಳು, ಉಳಿದವರು ಒಬ್ಬರು. ಉಳಿದವರು ಅಪ್ಪ. "ಎರ್ಡು ಅಸುಗಳ್ಗೆ ಪಾಸ್‌ಪೋರ್ಟ್ ಮಾಡ್ಸಿಲ್ವಲ್ಲ, ನಾ ಎಂಗ್ ಬರದು?" ಎಂದು ಹಾಲಿನ ಕ್ಯಾನು ಹಿಡಿದುಕೊಂಡೇ ನಮ್ಮನ್ನು ಕಳಿಸಿಕೊಟ್ಟರು.

ನಾನು ಕುಂತೂರಿನ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕಬ್ಬು ಅರೆಯುವ ಕಾಲದಲ್ಲಿ ಗಂಟೆಗೊಮ್ಮೆ ಕಬ್ಬಿನ ಹಾಲು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕು. ಆ ಅಭ್ಯಾಸ ಮನೆಗೂ ಬಂದಿದೆ. ಕಂಡದ್ದಕ್ಕೆಲ್ಲ ತಾರೀಖು, ಹೊತ್ತು, ಎಷ್ಟು ಸಲ ಎಂದು ಗೀಟು ಹಾಕುತ್ತೇನೆ. ಮೇ ತಿಂಗಳಲ್ಲಿ ಕಾರ್ಖಾನೆ ನಿಂತಿರುತ್ತದೆ, ರಜೆ ಸಿಕ್ಕಿತು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಪ್ರವಾಸ ಎಂದರೆ ಧರ್ಮಸ್ಥಳ, ಬಹಳವಾದರೆ ಮಧುರೆ. ಈ ಸಲ ಎಲ್ಲರನ್ನೂ ವಿಮಾನ ಹತ್ತಿಸಬೇಕು ಎಂದುಕೊಂಡು, "ಎಲ್ಲಿಗೆ ಹೋಗೋಣ?" ಎಂದು ಕೇಳಿದೆ. ಅವ್ವ ಸಿಂಗಾಪುರ ಅಂದಳು. ತಾತ ಕೇಳುವ ಮುಂಚೆಯೇ ಹೇಳಿದ, "ಸಿಲೋನ್ಗೆ."

ಯಾಕೆಂದು ಮನೆಯವರಿಗೆಲ್ಲ ಗೊತ್ತಿತ್ತು. ತಾತನ ಹೆಸರು ಪುಟ್ಟಮಾದಯ್ಯ, ವಯಸ್ಸು ಎಂಬತ್ತೊಂದು. ಅವನಿಗೊಬ್ಬ ಅಣ್ಣ, ದೊಡ್ಡಮಾದಯ್ಯ. ತಾತನಿಗೆ ಮೂರು ವರ್ಷವಿದ್ದಾಗ, ಹದಿನೈದರ ಆ ಅಣ್ಣ ಸೋದರಮಾವನ ಜೊತೆ ಸಿಲೋನಿನ ಟೀ ತೋಟಕ್ಕೆ ಹೋದ. ಆಗ ನಮ್ಮವರು ಇದ್ದದ್ದು ಮುಳ್ಳೂರಲ್ಲಲ್ಲ, ಲೊಕ್ಕನಹಳ್ಳಿಯ ಆಚೆ ಕಾಡಂಚಿನ ಒಂದು ಹಟ್ಟಿಯಲ್ಲಿ. ಅಲ್ಲಿಗೆ ಎರಡು ಕಾಗದ ಬಂದವು, ಶಾಲೆಯ ಮೇಷ್ಟ್ರು ಓದಿ ಹೇಳಿದರು. ಆಮೇಲೆ ಮೂರು ವರ್ಷ ಮೇಲಿಂದ ಮೇಲೆ ಆನೆ ಹೊಲ ತಿಂದವು. ಹಟ್ಟಿಯ ಜನ ಎದ್ದು ದಿಕ್ಕಿಗೊಬ್ಬರಾದರು, ನಮ್ಮವರು ಕಾಲುವೆ ನೀರಿರುವ ಮುಳ್ಳೂರಿಗೆ ಇಳಿದರು. ಹೊಸ ಊರಿನ ವಿಳಾಸವನ್ನು ಅಣ್ಣನಿಗೆ ಯಾರೂ ಬರೆಸಲಿಲ್ಲ. ಅಲ್ಲಿಗೆ ಸುದ್ದಿ ನಿಂತಿತು.

ಪ್ರತಿ ವರ್ಷ ಭಾದ್ರಪದದ ಅಮಾವಾಸ್ಯೆಗೆ ನಮ್ಮಲ್ಲಿ ಪಕ್ಷದ ಹಬ್ಬ. ತೀರಿಕೊಂಡ ಹಿರಿಯರಿಗೆ ಅವರವರು ಇಷ್ಟಪಟ್ಟದ್ದನ್ನು ಮಾಡಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಎಲೆ ಹಾಕಿ ಎಡೆ ಇಡುತ್ತೇವೆ. ಸತ್ತವರಿಗೆ ಎಡೆ ಇಡದಿದ್ದರೆ ಅವರು ಹಸಿದುಕೊಂಡು ಹೋಗುತ್ತಾರೆ. ಬದುಕಿರುವವರಿಗೆ ಇಟ್ಟರೆ ನಾವೇ ಕೊಂದಂತೆ. ತಾತನ ಅವ್ವ ಸಾಯುವ ತನಕ, "ಬದುಕವ್ನ, ಇಡಬ್ಯಾಡಿ" ಅಂದಳಂತೆ. ಅವಳು ಹೋದ ಮೇಲೆ ಐವತ್ತು ವರ್ಷದಿಂದ ಎಲೆ ಎಣಿಸುವಾಗ ತಾತನ ಕೈ ಒಂದು ಕಡೆ ನಿಲ್ಲುತ್ತದೆ. ಇಡಬೇಕೋ ಬೇಡವೋ? ಈ ಒಂದು ಮಾತಿಗೆ ಉತ್ತರ ಕೇಳಿಕೊಂಡು ಬರಲು ತಾತ ಹೊರಟ. ನಾವು ಉಳಿದವರು ದೇಶ ನೋಡಲು.

ನಾಲ್ಕನೆಯವರು ಸಿದ್ದಮಾವ, ಅವ್ವನ ತಮ್ಮ. ಲೊಕ್ಕನಹಳ್ಳಿಯಲ್ಲಿ ಬೇಸಾಯ. ಗಡಿಯ ಕಡೆಯವರಾದ್ದರಿಂದ ತಮಿಳು ಚೆನ್ನಾಗಿ ಬರುತ್ತದೆ, ಅದಕ್ಕೇ ಕರೆದುಕೊಂಡದ್ದು. "ನಾನೇನು ಮಾತಾಡೋ ಮಿಷನ್ನಾ?" ಎಂದು ಗೊಣಗಿದರೂ ಎಲ್ಲರಿಗಿಂತ ಮೊದಲು ಕಾರು ಹತ್ತಿ ಮುಂದಿನ ಸೀಟು ಹಿಡಿದಿದ್ದರು.

ಪುಸ್ತಕದ ಕೊನೆಯ ಹಾಳೆಯಲ್ಲಿ ನಾಲ್ಕು ಕಾಲಂ ಎಳೆದೆ. ಅಣ್ಣನಿದ್ದ ಜಾಗ "ಇದೇನಾ?" ಎಂದು ತಾತ ಕೇಳಿದ್ದು. ಕುಡಿದ ಟೀ. ನಮ್ಮನ್ನು ತಮಿಳುನಾಡಿನವರೆಂದುಕೊಂಡವರು. ದಾರಿ ತಪ್ಪಿದ್ದು.

ಕೊಲಂಬೊ

ವಿಮಾನ ಇಳಿದದ್ದು ಮಧ್ಯಾಹ್ನ 3.05ಕ್ಕೆ. ಪಾಸ್‌ಪೋರ್ಟ್ ನೋಡುವ ಹೆಂಗಸು ತಾತನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದರು. ತಾತ ಕೈಮುಗಿದು ಹಟ್ಟಿಯಿಂದ ಶುರು ಮಾಡಿ ಅಣ್ಣನ ಕಥೆಯನ್ನೆಲ್ಲ ಕನ್ನಡದಲ್ಲೇ ಹೇಳಿದ. ಆಕೆ ಕೊನೆಯವರೆಗೂ ತಲೆಯಾಡಿಸುತ್ತ ಕೇಳಿ ಮುದ್ರೆ ಒತ್ತಿದರು. "ಒಳ್ಳೆ ಎಣ್ಮಗ್ಳು ಕಣ್ ಕೂಸು, ಎಲ್ಲ ತಿಳ್ಕತು" ಅಂದ.

ನಮಗೆಂದು ಗೊತ್ತು ಮಾಡಿದ್ದ ವ್ಯಾನಿನ ಡ್ರೈವರ್ ಸುನಿಲ್, ಸಿಂಹಳ ಭಾಷೆಯವನು, ನಲವತ್ತರ ಆಸುಪಾಸು. ಅವನು ಅವ್ವನನ್ನು ನೋಡಿದ ಕೂಡಲೇ "ಅಕ್ಕಾ" ಅಂದ. ಅವರ ಭಾಷೆಯಲ್ಲೂ ಅಕ್ಕನಿಗೆ ಅಕ್ಕ ಎಂದೇ ಹೇಳುತ್ತಾರಂತೆ. ಅವ್ವ ನನ್ನ ಕಿವಿಯಲ್ಲಿ, "ಈ ಊರು ಪರವಾಗಿಲ್ಲ ಕಣೇ" ಅಂದಳು. ಆ ಹೊತ್ತಿಗೆ ಅವಳು ನೋಡಿದ್ದು ವಿಮಾನ ನಿಲ್ದಾಣದ ಬಾಗಿಲು ಮಾತ್ರ.

ಸಂಜೆ ಸಮುದ್ರದ ದಂಡೆಗೆ ಹೋದೆವು. ಹುಲ್ಲಿನ ಮೈದಾನದಲ್ಲಿ ದೊಡ್ಡವರೇ ಗಾಳಿಪಟ ಹಾರಿಸುತ್ತಿದ್ದರು. ನಮ್ಮಲ್ಲಿ ಮೀಸೆ ಬಂದವನು ಗಾಳಿಪಟ ಹಿಡಿದರೆ ಮನೆಯವರು ಚಿಂತೆ ಮಾಡುತ್ತಾರೆ. ವಡೆ ಮಾರುವವನ ಹತ್ತಿರ ವಡೆ ತೆಗೆದುಕೊಂಡರೆ ಮೇಲೆ ಒಂದೊಂದು ಇಡೀ ಸಿಗಡಿ ಮೀಸೆಯ ಸಮೇತ ಕೂತಿತ್ತು. ಮಾವ ಸಿಗಡಿಯನ್ನು ತಿಂದು ವಡೆಯನ್ನು ಅವ್ವನಿಗೆ ಕೊಟ್ಟರು, ಅವ್ವ ಅದನ್ನು ಕಾಗೆಗೆ ಕೊಟ್ಟಳು.

ತಾತ ಸಮುದ್ರ ನೋಡಿದ್ದು ಇದೇ ಮೊದಲು. ಅಲೆ ಬರುವಲ್ಲಿಗೆ ಹೋಗಿ ಕಾಲು ಒದ್ದೆ ಮಾಡಿಕೊಂಡ. ಆಮೇಲೆ, "ಇದ್ನ ದಾಟ್ಕಂಡ್ ಬಂದ್ನಾ ನಮ್ಮಣ್ಣ?"

"ರಾಮೇಶ್ವರದ ಕಡೆ ಸಣ್ಣದಂತೆ ತಾತ. ಒಂದೇ ದಿನದಲ್ಲಿ ದಾಟುತ್ತಿದ್ದರಂತೆ."

"ಸಣ್ಣದು ಅಂದ್ರೂ ನಮ್ ಕಾಲುವೆಗಿಂತ ದೊಡ್ದಿರ್ಬೇಕಲ್ಲ," ಅಂದ.

ಆನೆಗಳ ನದಿ

ಮೇ 11, ಭಾನುವಾರ. ಕ್ಯಾಂಡಿಯ ದಾರಿಯಲ್ಲಿ ತಬ್ಬಲಿ ಆನೆಗಳನ್ನು ಸಾಕಿರುವ ಒಂದು ಜಾಗ. ಹತ್ತು ಗಂಟೆಗೆ ಅವನ್ನು ಹೊಳೆಗೆ ಇಳಿಸುತ್ತಾರೆ. ಹೊಳೆಯ ದಂಡೆಯಲ್ಲಿ ಜಗತ್ತಿನ ಎಲ್ಲ ಬಣ್ಣದ ಜನ ಕ್ಯಾಮರಾ ಹಿಡಿದು ನಿಂತಿದ್ದರು.

ಸಿದ್ದಮಾವ ವರ್ಷಕ್ಕೆ ಮೂರು ತಿಂಗಳು ಹೊಲದ ಅಟ್ಟಣೆಯ ಮೇಲೆ ಕೂತು ಆನೆ ಕಾಯುವವರು. ಟಿಕೆಟು ಹರಿಸಿಕೊಂಡು ಬಂದು ನಂಬಲಾರದೆ ನಿಂತರು.

"ಅಕ್ಕ, ಆನೆ ನೋಡಕ್ಕೆ ಚೀಟಿ ತಕಂಡು ನಿಂತ್ಕಳ್ಳೋ ಜನವೂ ಅವ್ರಾ? ಇವ್ರನ್ನೆಲ್ಲ ಒಂದ್ ಬಸ್ಸಲ್ಲಿ ನಮ್ ರಾಗಿ ಒಲಕ್ಕೆ ಕಳ್ಸು. ಚೀಟಿ ಬ್ಯಾಡ, ಊಟ ನಾನೇ ಆಕ್ತೀನಿ."

"ಸುಮ್ನಿರ್ಲಾ, ಎಲ್ಲ ನೋಡ್ತವ್ರೆ," ಅಂದಳು ಅವ್ವ.

ಎಣಿಸಿದೆ, ದೊಡ್ಡವು ಮೂವತ್ತೊಂದು, ಮರಿ ಐದು. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಒಂದು ಆನೆ ನೀರಿನಿಂದ ಎದ್ದು ದಂಡೆಯ ಕಡೆ ತಿರುಗಿ ಘೀಳಿಟ್ಟಿತು. ಜನ ಸಂತೋಷದಿಂದ "ಆಹಾ" ಅಂದರು. ನಮ್ಮ ಮಾವ ಚಪ್ಪಲಿ ಕೈಗೆ ತೆಗೆದುಕೊಂಡು ಪಟಪಟ ಬಡಿಯುತ್ತ, "ಓಓಓಯ್! ಓಗ್! ಓಗ್ ಆಚ್ಗೆ!" ಎಂದು ಕೂಗಿಬಿಟ್ಟರು. ದಂಡೆಯ ಕ್ಯಾಮರಾಗಳೆಲ್ಲ ಮಾವನ ಕಡೆ ತಿರುಗಿದವು. ಆನೆ ಮಾತ್ರ ಮಾವನನ್ನು ಒಂದು ಸಲ ನೋಡಿ, ತಿರುಗಿ ಮೆಲ್ಲಗೆ ಹೊಳೆಯ ಆ ಕಡೆಗೆ ಹೋಯಿತು. ಮಾವುತನೊಬ್ಬ ಹತ್ತಿರ ಬಂದು ಮಾವನ ಕೈ ಕುಲುಕಿದ. ಯಾಕೆಂದು ತಿಳಿಯಲಿಲ್ಲ.

ವ್ಯಾನಿನಲ್ಲಿ ಮಾವ ಚಪ್ಪಲಿಯನ್ನು ಮತ್ತೆ ಕಾಲಿಗೆ ಹಾಕಿಕೊಂಡರು. ಆಮೇಲೆ, "ಏನೇ ಅನ್ನು ಸೌಮ್ಯಾ, ಮೈ ತೊಳ್ಕಳೋವಾಗ ನೋಡುದ್ರೆ ಪಾಪ ಅನ್ಸುತ್ತೆ," ಅಂದರು.

ಕ್ಯಾಂಡಿ

ಮೇ 12, ಸೋಮವಾರ. ಬುದ್ಧ ಹುಣ್ಣಿಮೆ. ಬೆಳಿಗ್ಗೆ 7.30ಕ್ಕೆ ಹೋಟೆಲಿನ ಕಿಟಕಿಯಿಂದ ನೋಡಿದ ಅವ್ವ ಗಾಬರಿಯಾಗಿ ನನ್ನನ್ನು ಕರೆದಳು. ಬೀದಿಯ ತುಂಬ ಬಿಳಿ ಬಟ್ಟೆ ಉಟ್ಟ ಜನ. ಗಂಡಸರು, ಹೆಂಗಸರು, ಮಕ್ಕಳು, ಎಲ್ಲ ಬಿಳಿ.

"ಯಾರೋ ದೊಡ್ಡೋರು ಓಗ್ಬುಟ್ಟವ್ರೆ ಕಣೇ. ಇವತ್ತು ಎಲ್ಲೂ ಊಟ ಸಿಕ್ಕಕಿಲ್ಲ."

ಹಬ್ಬಕ್ಕೆ ಅವರು ಬಿಳಿ ಉಡುತ್ತಾರೆಂದು ಸುನಿಲ್ ಇಂಗ್ಲಿಷಿನಲ್ಲಿ ತಿಳಿಸಿ ಹೇಳುವ ಹೊತ್ತಿಗೆ ಅವ್ವ ತನ್ನ ಹಬ್ಬದ ಸೀರೆ ಉಟ್ಟಾಗಿತ್ತು. ಕೊಳ್ಳೇಗಾಲದ ರೇಷ್ಮೆ, ಗಿಳಿ ಹಸಿರಿಗೆ ಕೆಂಪು ಅಂಚು. ಬುದ್ಧನ ಹಲ್ಲು ಇಟ್ಟಿರುವ ದೇವಸ್ಥಾನದ ಮುಂದೆ ಸಾವಿರಾರು ಬಿಳಿಯ ನಡುವೆ ಅವಳೊಬ್ಬಳೇ ಹಸಿರು. ನಾಚಿ ನನ್ನ ಹಿಂದೆ ಅಡಗಿದಳು. ಆದರೆ ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೆರಗು ಮುಟ್ಟಿ ನೋಡಿದರು, ಒಬ್ಬಾಕೆ ಅಂಚಿನ ಹಿಂಬದಿ ತಿರುಗಿಸಿ ಕೆಲಸ ಪರೀಕ್ಷಿಸಿದಳು. ಮುಟ್ಟಿದವರು ಹದಿನಾಲ್ಕು ಜನ. ದೇವಸ್ಥಾನದಿಂದ ಹೊರಗೆ ಬರುವಾಗ ಅವ್ವ ನನ್ನ ಮುಂದೆ ನಡೆಯುತ್ತಿದ್ದಳು.

ಆ ದಿನದ ನಿಜವಾದ ಎಡವಟ್ಟು ಆದದ್ದು ಊರ ಹೊರಗೆ. ಬೆಟ್ಟದ ತಿರುವಿನಲ್ಲಿ ಐದಾರು ಯುವಕರು ಬಾವುಟ ಬೀಸುತ್ತ ರಸ್ತೆಗೆ ಅಡ್ಡ ನಿಂತು ನಮ್ಮ ವ್ಯಾನು ತಡೆದರು. ಕಾಡಂಚಿನ ಚೆಕ್‌ಪೋಸ್ಟ್ ಕಂಡ ಅಭ್ಯಾಸದಲ್ಲಿ ಮಾವ ಎಲ್ಲರ ಪಾಸ್‌ಪೋರ್ಟು ತೆಗೆದು ಕಿಟಕಿಯಿಂದ ಚಾಚಿದರು. ಆ ಹುಡುಗರು ನಾಲ್ಕು ಪಾಸ್‌ಪೋರ್ಟನ್ನೂ ಎರಡು ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ಸುನಿಲ್ ಮುಖ ನೋಡಿದರು. ಸುನಿಲ್ ನಗು ತಡೆಯಲಾರದೆ ಸ್ಟೇರಿಂಗಿನ ಮೇಲೆ ತಲೆ ಇಟ್ಟುಬಿಟ್ಟ. ಅವರು ನಿಲ್ಲಿಸಿದ್ದು ಊಟಕ್ಕೆ. ಹಬ್ಬದ ದಿನ ದಾರಿಯಲ್ಲಿ ಹೋಗುವವರನ್ನೆಲ್ಲ ತಡೆದು ಉಣ್ಣಿಸಿ ಕಳಿಸುವುದು ಅವರ ಪದ್ಧತಿ. ಚಪ್ಪರದ ಕೆಳಗೆ ಕೂರಿಸಿ ಬೇಯಿಸಿದ ಮರಗೆಣಸು, ಕಾಯಿ ಚಟ್ನಿ ಕೊಟ್ಟರು. ನಮ್ಮಲ್ಲೂ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ಪಾನಕ, ಅನ್ನ ಕೊಡುತ್ತಾರೆ. ಆದರೆ ಬೇಡವೆಂದವರನ್ನು ಬಾವುಟ ಹಿಡಿದು ಅಡ್ಡಗಟ್ಟುವುದಿಲ್ಲ.

ತಾತ ಉಣ್ಣುವ ಮೊದಲು ಕೇಳಿದ, "ಯಾರ ಎಡೆ ಇದು?"

ಬಡಿಸುವವರಲ್ಲಿ ತಮಿಳು ಬಲ್ಲ ಒಬ್ಬನನ್ನು ಮಾವ ಕೇಳಿ ತಿಳಿದು ಹೇಳಿದರು, "ಯಾರ್ದೂ ಅಲ್ವಂತೆ ಯಜಮಾನ್ರೇ. ಅಸಿದೋರ್ದಂತೆ."

ತಾತ ಸ್ವಲ್ಪ ಯೋಚಿಸಿ ಉಂಡ. "ಅಂಗಾದ್ರೆ ಸರಿ," ಅಂದ.

ರೈಲು

ಮೇ 13, ಮಂಗಳವಾರ. ಕ್ಯಾಂಡಿಯಿಂದ ಹ್ಯಾಟನ್‌ಗೆ. ದೊಡ್ಡತಾತನ ಎರಡು ಕಾಗದದಲ್ಲೂ ಇದ್ದ ಒಂದೇ ಹೆಸರು ಅದು. ತಾತ ಈಗಲೂ "ಆಟನ್ನು" ಅನ್ನುತ್ತಾನೆ. ಯಾವ ತೋಟ ಎಂದು ಕಾಗದದಲ್ಲಿ ಇತ್ತೋ ಇಲ್ಲವೋ, ಓದಿದ ಮೇಷ್ಟ್ರಿಗೇ ಗೊತ್ತು, ಅವರು ಈಗಿಲ್ಲ.

ಸಾಮಾನಿನ ಜೊತೆ ಸುನಿಲ್ ವ್ಯಾನಿನಲ್ಲಿ ಬಂದ, ನಾವು ಮಾತ್ರ ನೋಡುವ ಆಸೆಗೆ ರೈಲು ಹತ್ತಿದೆವು. ವಡೆ ಮಾರುವವನು ಶಾಲೆ ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ವಡೆ ಕಟ್ಟಿ ಕೊಟ್ಟ. ನನ್ನ ಹಾಳೆಯಲ್ಲಿ ಭಾಗಾಕಾರದ ಐದು ಲೆಕ್ಕ ಇದ್ದವು. ನಾಲ್ಕು ಸರಿ, ಒಂದು ತಪ್ಪು. ಮೇಷ್ಟ್ರು ಐದಕ್ಕೂ ಸರಿ ಗುರುತು ಹಾಕಿದ್ದರು. ಪೆನ್ನು ತೆಗೆದು ತಿದ್ದಿದೆ. ಅವ್ವ ನೋಡಿ, "ನಿನ್ ಗಂಡನಾಗೋನು ಅಯ್ಯೋ ಪಾಪ," ಅಂದಳು.

ಟೀ ತೋಟಗಳು ಶುರುವಾದವು. ಬೆಟ್ಟಕ್ಕೆ ಬೆಟ್ಟವೇ ಬಾಚಿ ತಲೆ ಕಟ್ಟಿದ ಹಾಗೆ. ಯಳಂದೂರಿನ ಮೇಲೆ ಬಿಳಿಗಿರಿಯ ಬೆಟ್ಟ ಕಂಡರೆ ಅದು ಹೇಗೆ ಬೆಳೆಯಿತೋ ಹಾಗೇ ಇರುತ್ತದೆ. ಇಲ್ಲಿ ಒಂದು ಎಲೆಯೂ ತನ್ನ ಇಷ್ಟದ ಹಾಗೆ ಬೆಳೆದಂತಿಲ್ಲ. ಇಳಿಜಾರಿನಲ್ಲಿ ಬೆನ್ನಿಗೆ ಚೀಲ ಹಾಕಿದ ಹೆಂಗಸರು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದರು.

ತಾತ ಕಿಟಕಿ ಬಿಟ್ಟು ಕದಲಲಿಲ್ಲ. ಪ್ರತಿ ಹೊಸ ಬೆಟ್ಟಕ್ಕೂ, "ಇದೇನಾ ಕೂಸು?" ನಾನು ಗೀಟು ಹಾಕುತ್ತ ಹೋದೆ. ಹ್ಯಾಟನ್ ಬರುವ ಹೊತ್ತಿಗೆ ನಲವತ್ತಮೂರು. ಮೊದಮೊದಲು ನಗು ಬರುತ್ತಿತ್ತು. ಇಪ್ಪತ್ತಾದ ಮೇಲೆ, ಅವನು ಕೇಳುತ್ತಿರುವುದು ನನ್ನನ್ನಲ್ಲ ಅನ್ನಿಸಿತು.

ಹ್ಯಾಟನ್

ಮೇ 14, ಬುಧವಾರ. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಕೇಳಿದ್ದು: ಟೀ ಅಂಗಡಿ ಆರು, ದೇವಸ್ಥಾನ ಎರಡು, ತರಕಾರಿ ಮಾರ್ಕೆಟ್ಟು, ಬಸ್ ನಿಲ್ದಾಣ, ಒಬ್ಬ ಕ್ಷೌರಿಕ. ಮಾವ ಎಲ್ಲ ಕಡೆ ಒಂದೇ ಮಾತನ್ನು ತಮಿಳಿನಲ್ಲಿ ಹೇಳಿದರು: ದೊಡ್ಡಮಾದಯ್ಯ, ಕನ್ನಡದವರು, ಕೊಳ್ಳೇಗಾಲದ ಕಡೆಯವರು. ಜನ ಬೇಸರಪಟ್ಟುಕೊಳ್ಳದೆ ಕೇಳಿದರು, ಕೂರಿಸಿದರು, ಟೀ ಕೊಟ್ಟರು. ಅವತ್ತು ಒಂದೇ ದಿನ ಹನ್ನೊಂದು ಟೀ. ಗೊತ್ತು ಎಂದವರು ಯಾರೂ ಇಲ್ಲ.

ಕೊನೆಯಲ್ಲಿ ಬಟ್ಟೆ ಅಂಗಡಿಯ ಒಬ್ಬ ಮುದುಕರು ಹೇಳಿದರು. ಸುತ್ತ ಎಷ್ಟೊಂದು ತೋಟಗಳಿವೆ, ಒಂದೊಂದರಲ್ಲಿ ಮೇಲು ಕೆಳಗು ಎಂದು ವಿಭಾಗಗಳು. ಜೊತೆಗೆ, ಹಿಂದೆ ಎರಡು ದೇಶದ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಇಲ್ಲಿನ ಕೂಲಿಯವರಲ್ಲಿ ಬಹಳ ಮಂದಿಯನ್ನು ಭಾರತಕ್ಕೆ ಕಳಿಸಿದವು. ನಿಮ್ಮವರು ಇಲ್ಲೇ ಉಳಿದರೋ, ಹಡಗು ಹತ್ತಿದರೋ ಹೇಗೆ ಹೇಳುವುದು? ತೋಟದ ಹೆಸರಿಲ್ಲದೆ ಹುಡುಕುವುದು ಕಷ್ಟ ಅಯ್ಯಾ ಎಂದರು.

ಸಂಜೆ ಚಳಿ ಬಿತ್ತು. ಊಟದ ತಟ್ಟೆ ಮುಂದಿಟ್ಟುಕೊಂಡು ತಾತ ಅವ್ವನನ್ನು ಕರೆದ.

"ನೋಡವ್ವ, ಬಂದ್ವಿ, ಕೇಳ್ದೊ, ಸಿಕ್ಲಿಲ್ಲ. ತೊಂಬತ್ತೊರ್ಸ ಯಾರಿದ್ದಾರು? ಈ ಸಲ ಒಂದೆಲೆ ಆಕ್ಬುಡು, ಸಾಕು."

ಅವ್ವ ತನ್ನ ಮಾವನಿಗೆ, ಅಂದರೆ ತಾತನಿಗೆ, ಎದುರಾಡುವವಳಲ್ಲ. ಅವತ್ತು ಆಡಿದಳು. "ಸತ್ತದ್ದ ಕಂಡೋರಿಲ್ಲ, ಕೇಳ್ದೋರಿಲ್ಲ. ನಮ್ಗೆ ಸುಸ್ತಾಯ್ತು ಅಂತ ಅವ್ರ ಸಾಯ್ಸದಾ ಮಾವ? ನಾ ಆಕದಿಲ್ಲ. ನಾಳೆ ಮದ್ಯಾನದ ಗಂಟ ಟೇಮದೆ."

ತಾತ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಅನ್ನ ಹಾಗೇ ಇತ್ತು. ಕಾಲಂ ಹಾಕದ ಪುಟದಲ್ಲಿ ಅದನ್ನು ಬರೆದಿಟ್ಟೆ.

ಹುಲಿ ಮೇಲಿನ ದೇವರು

ಮೇ 15, ಗುರುವಾರ. ಬೆಳಿಗ್ಗೆ ಇನ್ನೂ ಮೂರು ಕಡೆ ಕೇಳಿ, 10.40ಕ್ಕೆ ವಾಪಸು ಹೊರಟೆವು. ಹತ್ತು ಕಿಲೋಮೀಟರ್ ಆಗಿರಬಹುದು. ಟೀ ತೋಟದ ಅಂಚಿನಲ್ಲಿ ರಸ್ತೆ ಬದಿಗೊಂದು ಪುಟ್ಟ ಗುಡಿ. ಹೊರಗೆ ಬಣ್ಣ ಬಳಿದ ವಿಗ್ರಹ. ದೇವರು ಹುಲಿ ಮೇಲೆ ಕೂತಿದ್ದಾನೆ.

ನಮ್ಮ ಸೀಮೆಯವರಿಗೆ ಹುಲಿ ಮೇಲೆ ಕೂತ ದೇವರು ಒಬ್ಬನೇ. ತಾತ "ನಿಲ್ಸೂ!" ಎಂದು ಕೂಗಿದ ರಭಸಕ್ಕೆ ಸುನಿಲ್ ಬ್ರೇಕ್ ಒತ್ತಿಬಿಟ್ಟ. ತಾತ ಬಾಗಿಲು ತಳ್ಳಿಕೊಂಡು ಇಳಿದ, ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟ, ಎರಡು ಕೈ ಮೇಲೆತ್ತಿ ಬೆಟ್ಟ ಅದುರುವ ಹಾಗೆ ಕೂಗಿದ.

"ಉಘೇ! ಉಘೇ ಮಾದಪ್ಪಾ! ಉಘೇ ಮಾಯ್ಕಾರಾ!"

ಅವ್ವನೂ ಕೈಮುಗಿದು, "ಇಲ್ಗೂ ಬಂದವ್ನಲ್ಲ ನಮ್ಮಪ್ಪ" ಎಂದು ಕಣ್ಣೊರೆಸಿಕೊಂಡಳು. ಮಾವ ಹತ್ತಿರ ಹೋಗಿ ನೋಡಿ, ತಲೆ ಕೆರೆದುಕೊಂಡು ಬಂದರು.

"ಯಜಮಾನ್ರೇ, ಕೈಲಿ ಬಿಲ್ಲು ಬಾಣ ಅದ. ಇದು ಅಯ್ಯಪ್ಪ ಕಣ್ರಿ."

ತಾತ ಕಣ್ಣು ಕಿರಿದು ಮಾಡಿ ನೋಡಿದ. ಬಿಲ್ಲು ಇತ್ತು. ದೇವರಿಗೆ ಇನ್ನೂ ಮೀಸೆಯೂ ಬಂದಿರಲಿಲ್ಲ. ಎತ್ತಿದ ಕೈ ಇಳಿಸಿ, "ತಪ್ಪಾಯ್ತು ಕಣಪ್ಪ," ಎಂದು ಅಯ್ಯಪ್ಪನಿಗೂ ಒಂದು ಅಡ್ಡಬಿದ್ದ. ನಮಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆಗ ಮೇಲಿನ ಟೀ ಗಿಡಗಳ ನಡುವಿನಿಂದ ಒಬ್ಬ ಹೆಂಗಸು ಸರಸರ ಇಳಿದು ಬಂದರು. ಅರವತ್ತೆಂಟೋ ಎಪ್ಪತ್ತೋ ವಯಸ್ಸು, ಬೆನ್ನಿಗೆ ಸೊಪ್ಪಿನ ಚೀಲ, ಸೊಂಟಕ್ಕೆ ಗೋಣಿ. ನಮ್ಮ ಮುಂದೆ ನಿಂತು ಏದುಸಿರು ಬಿಡುತ್ತ ತಮಿಳಿನಲ್ಲಿ ಏನೋ ಕೇಳಿದರು. ಮಾವನ ಮುಖ ಬದಲಾಯಿತು.

"ಏನಂತೆ ಮಾವ?"

"ಈಗ ಕೂಗಿದ್ದು ಯಾರು ಅಂತವ್ರೆ. ಆ ಕೂಗ ನಾನು ಚಿಕ್ಕೋಳಿದ್ದಾಗ ಕೇಳಿದ್ದು, ಆಮೇಲೆ ಇವತ್ತೇ ಕೇಳಿದ್ದು ಅಂತವ್ರೆ."

ಆಕೆಯ ಹೆಸರು ಸರೋಜಾ. ತೋಟದ ಕೂಲಿಯವರು ಇರುವ ಸಾಲುಮನೆಗೆ ಅಲ್ಲಿ ಲಯ ಅನ್ನುತ್ತಾರೆ. ಅವರ ಲಯದಲ್ಲಿ ನಾಲ್ಕು ಬಾಗಿಲು ಆಚೆಗೆ ಒಬ್ಬರಿದ್ದರಂತೆ. ಪ್ರತಿ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಡಗು ದಿಕ್ಕಿಗೆ ತಿರುಗಿ ಹೀಗೇ ಕೂಗುತ್ತಿದ್ದರಂತೆ. ಮಕ್ಕಳೆಲ್ಲ ಅವರನ್ನು "ಉಘೇ ಮಾಮಾ" ಎಂದೇ ಕರೆಯುತ್ತಿದ್ದದ್ದು. ನಿಜವಾದ ಹೆಸರು? ದೊಡ್ಡವರು "ಮಾದಯ್ಯ" ಅನ್ನುತ್ತಿದ್ದ ನೆನಪು ಅಂದರು.

ಗುಡಿಯ ಕಟ್ಟೆಯ ಮೇಲೆ ಕೂತೆವು. ಗಂಟೆ 11.15. ಅವರು ಹೇಳಿದ್ದನ್ನು ಮಾವ ಹೇಳಿದಂತೆ ಬರೆದುಕೊಂಡಿದ್ದೇನೆ.

ಉಘೇ ಮಾಮಾಗೆ ಹೆಂಡತಿ, ಇಬ್ಬರು ಹೆಣ್ಣು, ಒಬ್ಬ ಗಂಡು. ಹಿರಿಯ ಮಗಳ ಹೆಸರು ಮಾದೇವಿ. ಸರೋಜಮ್ಮನಿಗೆ ಹದಿನೆಂಟಿದ್ದಾಗ ಆ ಮನೆಯವರು ಭಾರತಕ್ಕೆ ಹೋದರು. ಅದೇ ಹಡಗಿನಲ್ಲಿ ಸರೋಜಮ್ಮನ ಅಕ್ಕ, ಭಾವನೂ ಹೋದರು. ಎರಡೂ ಮನೆಯವರಿಗೆ ನೀಲಗಿರಿಯ ಗೂಡಲೂರು ಕಡೆ ಟೀ ತೋಟದಲ್ಲಿ ಕೆಲಸ ಸಿಕ್ಕಿತು.

"ಗೂಡಲೂರಾ?" ಎಂದೆ ನಾನು. ಅದು ನಮ್ಮ ಜಿಲ್ಲೆಯ ಅಂಚಿಗೆ ಬಂಡೀಪುರದ ಕಾಡು ದಾಟಿದರೆ ಸಿಗುವ ಊರು. ನಮ್ಮೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರಬಹುದು.

"ಊರ್ಗೆ ಬರ್ಲಿಲ್ವಾ? ಅಷ್ಟತ್ರ ಇದ್ದೂ ಬರ್ಲಿಲ್ವಾ ನಮ್ಮಣ್ಣ?" ತಾತನ ದನಿ ಸಣ್ಣಗಾಗಿತ್ತು.

ಮಾವ ಕೇಳಿದರು. ಸರೋಜಮ್ಮ ಹೇಳತೊಡಗಿದರು. ಮಾವ ತಮಿಳಿನಲ್ಲೇ "ಉಂ, ಉಂ" ಅನ್ನುತ್ತಿದ್ದವರು ಸುಮ್ಮನಾದರು.

"ಏನ್ಲಾ ಅದು, ಬಾಯ್ಬುಡು," ಅಂದಳು ಅವ್ವ.

"ಇರಕ್ಕ ಒಂದ್ನಿಮುಸ." ಮಾವ ಟವೆಲಿನಿಂದ ಮುಖ ಒರೆಸಿಕೊಂಡು ತಾತನ ಕಡೆ ತಿರುಗಿದರು. "ಬಂದಿದ್ರಂತೆ ಯಜಮಾನ್ರೇ. ಇಂಡಿಯಾಕ್ಕೆ ಬಂದ ಮೊದುಲ್ನೆ ವರ್ಸವೇ. ಅಟ್ಟಿ ಉಡಿಕ್ಕಂಡು ಓದ್ರೆ ಒಂದ್ ಉಣ್ಸೆ ಮರ, ನಾಕ್ ಪಾಯದ ಕಲ್ಲು. ದನ ಕಾಯೋನು ಯಾರೋ, ಇಲ್ಲಿದ್ದೋರು ಬೆಳೆ ಇಲ್ದೆ ಎದ್ದೋಗಿ ಎಲ್ಲ ಸತ್ತೋದ್ರು ಅಂದ್ನಂತೆ." ಮಾವ ಟವೆಲನ್ನು ಹೆಗಲಿಗೆ ಹಾಕಿಕೊಂಡರು. "ಆ ಉಣ್ಸೆ ಮರ ಈಗ್ಲೂ ಅದ. ನನ್ ಒಲದ ಬದುಗೇ ಅದ."

ಇದೆಲ್ಲ ಸರೋಜಮ್ಮನ ಅಕ್ಕ ಬರೆಸುತ್ತಿದ್ದ ಕಾಗದಗಳಲ್ಲಿ ಬಂದ ಸುದ್ದಿ. ಅವುಗಳಲ್ಲಿ ಇನ್ನೊಂದು ಮಾತು ಇರುತ್ತಿತ್ತಂತೆ. ಪ್ರತಿ ವರ್ಷ ಭಾದ್ರಪದದ ಅಮಾವಾಸ್ಯೆಗೆ ಉಘೇ ಮಾಮಾ ಮನೆಯಿಂದ ನಮಗೆ ಬೆಲ್ಲ ಕಲಸಿದ ಅನ್ನ ಬರುತ್ತದೆ. ಅದು ಅವರು ಸತ್ತ ತಮ್ಮನಿಗೆ ಇಡುವ ಎಡೆಯಂತೆ.

ತಾತ ತಲೆ ಬಗ್ಗಿಸಿದ. ಆಮೇಲೆ ಅವನ ಭುಜ ನಡುಗತೊಡಗಿತು. ಅವ್ವ ಗಾಬರಿಯಿಂದ ಬೆನ್ನ ಮೇಲೆ ಕೈ ಇಟ್ಟಳು. ತಾತ ನಗುತ್ತಿದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ನಗುತ್ತಿದ್ದ.

"ಐವತ್ತೊರ್ಸ ನಾ ಇಡ್ಲೋ ಬ್ಯಾಡ್ವೋ ಅಂತ ಕುಂತಿದ್ನಲ್ಲ ಕೂಸು. ಅವ್ನು ಆಗ್ಲೇ ನಂಗೇ ಇಟ್ಬುಟ್ಟವ್ನ!"

"ಬೆಲ್ಲದನ್ನ ಯಾಕೆ ಮಾವ?" ಎಂದು ಅವ್ವ ಕೇಳಿದಳು. "ನೀವು ಸಿಹಿ ಬಾಯ್ಗೇ ಆಕದಿಲ್ವಲ್ಲ."

"ಅವ್ನು ಓದಾಗ ನಂಗ್ ಮೂರೊರ್ಸ ಕಣವ್ವ. ಮೂರೊರ್ಸದ ಮಗ ಇನ್ನೇನ ತಿಂದದು? ಅವ್ನ್ ಕಂಡಿದ್ದು ಅಷ್ಟೇ."

ದೂರದಲ್ಲಿ ನಿಂತಿದ್ದ ಸುನಿಲ್ ಏನೂ ಅರ್ಥವಾಗದೆಯೂ ತಲೆಯ ಟೋಪಿ ತೆಗೆದಿದ್ದ.

ಸರೋಜಮ್ಮನ ಅಕ್ಕ ತೀರಿಕೊಂಡು ಬಹಳ ಕಾಲವಾಯಿತು, ಆಮೇಲೆ ಕಾಗದ ಬರಲಿಲ್ಲ. ಗುಡ್ಡ ಕುಸಿದು ಲಯ ಬದಲಾಯಿಸುವಾಗ ಹಳೆಯ ಕಾಗದಗಳೂ ಹೋದವು. ಗೂಡಲೂರಿನ ಯಾವ ತೋಟ ಎಂಬುದು ಅವರಿಗೆ ನೆನಪಿಲ್ಲ. ಕೊನೆಯ ಕಾಗದದ ಹೊತ್ತಿಗೆ ಉಘೇ ಮಾಮಾ ಗಟ್ಟಿಯಾಗಿದ್ದರು, ಅಷ್ಟು ಗೊತ್ತು. ಹೊರಡುವಾಗ ಅವ್ವ ಚೀಲದಿಂದ ಆ ಹಸಿರು ರೇಷ್ಮೆ ಸೀರೆ ತೆಗೆದು ಅವರ ಕೈಗಿಟ್ಟಳು. ಅವರು ಬೇಡ ಎಂದರು. "ಅಕ್ಕನ ಮನೆಯಿಂದ ಅಂತ ಇಟ್ಕಳಿ," ಎಂದು ಅವ್ವ ಕನ್ನಡದಲ್ಲೇ ಹೇಳಿದಳು. ಅದನ್ನು ಮಾವ ತಮಿಳಿಗೆ ತಿರುಗಿಸಬೇಕಾಗಲಿಲ್ಲ.

ವಾಪಸು

ಮೇ 16, ಶುಕ್ರವಾರ, ರಾತ್ರಿ ಊಟದ ಹೊತ್ತಿಗೆ ಮುಳ್ಳೂರು. ಒಟ್ಟು: "ಇದೇನಾ?" ಅರವತ್ತೊಂದು ಸಲ. ಟೀ ಮೂವತ್ತನಾಲ್ಕು. ತಮಿಳುನಾಡಿನವರೆಂದುಕೊಂಡವರು ಇಪ್ಪತ್ತೇಳು. ದಾರಿ ತಪ್ಪಿದ್ದು ಎರಡು ಸಲ, ಅಯ್ಯಪ್ಪನನ್ನೂ ಸೇರಿಸಿದರೆ ಮೂರು.

ಅಪ್ಪ ಎಲ್ಲ ಕೇಳಿ, "ಇಷ್ಟತ್ರ ಇರೋದ ಕೇಳಕ್ಕೆ ಅಷ್ಟ್ ದೂರ ಓಗ್ಬೇಕಾಯ್ತಲ್ಲ," ಅಂದರು. ಜೂನ್ 8ರ ಭಾನುವಾರ ತಾತ, ಮಾವ, ನಾನು ಗೂಡಲೂರಿಗೆ ಹೋಗಿ ಬಂದೆವು. ಒಂದು ದಿನದಲ್ಲಿ ಒಂಬತ್ತು ಕಡೆ ಕೇಳಲು ಆಯಿತು, ಸುಳಿವು ಸಿಗಲಿಲ್ಲ. ಸಿಲೋನಿನಿಂದ ಬಂದವರ ಮನೆಗಳು ಅಲ್ಲಿ ಬೆಟ್ಟದ ತುಂಬ ಇವೆ. ಕೆಲವರು ಕೋತಗಿರಿಗೆ, ಕೆಲವರು ತಿರುಪ್ಪೂರಿಗೆ ಹೋಗಿದ್ದಾರೆ. ಇನ್ನು ಕಾರ್ಖಾನೆ ಶುರುವಾಗುತ್ತದೆ, ನನಗೆ ರಜೆ ಇರುವುದಿಲ್ಲ. ತಾತನಿಗೆ ಮಾತ್ರ ಈಗ ಅವಸರ. ಅಮಾವಾಸ್ಯೆಯ ಒಳಗೆ ಸಿಗಬೇಕು ಅನ್ನುತ್ತಾನೆ. ಅಣ್ಣನ ಎಡೆಯ ವಿಷಯ ಕೇಳಿದರೆ, "ಅದ್ನ ಅವನ್ ಮಕ್ಳು ಏಳ್ತಾರೆ. ಮೊದ್ಲು ನಂದ ನಿಲ್ಲುಸ್ಬೇಕು," ಅನ್ನುತ್ತಾನೆ.

ಆದ್ದರಿಂದ ಇದನ್ನು ಓದಿದವರಲ್ಲಿ ಒಂದು ಕೋರಿಕೆ. ನೀಲಗಿರಿಯ ಕಡೆ, ಸಿಲೋನಿನಿಂದ ಬಂದ ಮನೆಗಳಲ್ಲಿ, ಹಿರಿಯರು ದೊಡ್ಡಮಾದಯ್ಯ, ಹಿರಿಯ ಮಗಳು ಮಾದೇವಿ ಇರುವ ಮನೆ ನಿಮಗೆ ಗೊತ್ತಿದ್ದರೆ, ಅಥವಾ ಸೋಮವಾರ ಬೆಳಿಗ್ಗೆ "ಉಘೇ" ಎಂಬ ಕೂಗು ಕೇಳಿಬಂದ ಮನೆ ನೆನಪಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಅದಕ್ಕೂ ಮುಂಚೆ ಅವರಿಗೇ ಹೋಗಿ ಹೇಳುವುದಾದರೆ ಇಷ್ಟು ಹೇಳಿ: ಈ ಅಮಾವಾಸ್ಯೆಗೆ ಪುಟ್ಟಮಾದಯ್ಯನ ಹೆಸರಿಗೆ ಎಲೆ ಹಾಕಬೇಡಿ. ಅವನು ಮುಳ್ಳೂರಿನಲ್ಲಿ ಬೆಳಿಗ್ಗೆ ಎರಡು ಮುದ್ದೆ ಉಂಡು ಗಟ್ಟಿಯಾಗಿದ್ದಾನೆ. ಬಡಿಸಲೇಬೇಕೆಂದಿದ್ದರೆ ಸುದ್ದಿ ಕೊಡಿ, ತಾನೇ ಬಂದು ಪಂಕ್ತಿಯಲ್ಲಿ ಕೂರುತ್ತಾನೆ. ಬೆಲ್ಲದ ಅನ್ನವಾದರೂ ಸರಿಯಂತೆ.